ಒಂಬತ್ತನೇ ನಂಬರಿನ ಬಿಲ್ಲೆ

ತಲೆಯ ಮೇಲೆ ಮುಚ್ಚಳ ಬಿತ್ತು.

ಬೋಲ್ಟ್ ತಿರುಗಿಸುವ ಸದ್ದು. ಒಂದು... ಎರಡು... ಮೂರನೆಯದಕ್ಕೆ ಅವನು ಕೈ ಹಾಕಲಿಲ್ಲ. ಎರಡೇ ಸಾಕಿತ್ತು. ಒಳಗಿದ್ದವನು ಏನು ಮಾಡಿದರೂ ತೆಗೆಯಲಾರ.

"ಯಾರೋ ಅದು? ಒಳಗಡೆ ಮನುಷ್ಯ ಇದ್ದಾನೆ ಕಣೋ!"

"ಗೊತ್ತು," ಅಂದಿತು ಹೊರಗಿನ ದನಿ. "ಅದಕ್ಕೇ ಮುಚ್ತಿರೋದು."

ಆಮೇಲೆ ಸುಯ್... ಎಂಬ ಸದ್ದು ಶುರುವಾಯಿತು.

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಹದಿನೈದು ವರ್ಷ ಅದರ ಜೊತೆ ಕೆಲಸ ಮಾಡಿದವನು ನಾನು. ಆರ್ಗಾನ್ ಗ್ಯಾಸ್. ಅಲ್ಯೂಮಿನಿಯಂ ಬೆಸೆಯಲು ಅದು ಬೇಕೇ ಬೇಕು. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ. ವಿಷವೂ ಅಲ್ಲ. ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿ, ತಾನು ಕೆಳಗೆ ಬಂದು ಕೂರುತ್ತದೆ. ನಿಮಗೆ ನಿದ್ದೆ ಬಂದಂತಾಗುತ್ತದೆ. ಆ ನಿದ್ದೆಯಿಂದ ತಾನಾಗಿ ಎದ್ದವರನ್ನು ನಾನು ನೋಡಿಲ್ಲ.

ನಾನಿದ್ದದ್ದು ಇಸ್ತಾಂಬುಲ್‌ನ ತುಜ್ಲಾದಲ್ಲಿ, ಅಕ್‌ಪೊಯ್ರಾಜ್ ಎಂಬ ಹಡಗು ಕಟ್ಟುವ ಯಾರ್ಡಿನಲ್ಲಿ. ಕರಾವಳಿ ಕಾವಲು ಪಡೆಗೆಂದು ಕಟ್ಟಿದ ಗಸ್ತು ಹಡಗಿನ ಹೊಟ್ಟೆಯೊಳಗೆ, ನಾಲ್ಕನೇ ಟ್ಯಾಂಕಿನಲ್ಲಿ. ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಮೊಣಕಾಲಲ್ಲಿ ತೆವಳಬೇಕು. ಫೋನಿನಲ್ಲಿ ಬೆಳಕಿತ್ತು, ಸಿಗ್ನಲ್ ಇರಲಿಲ್ಲ.

ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ. ಯಾರ್ಡಿನ ಮುನ್ನೂರು ಗಂಡಸರೂ ನಮಾಜಿಗೆ ಹೋಗಿದ್ದರು. ಮಸೀದಿಯ ಮೈಕಿನ ದನಿ ಹಡಗಿನ ಗೋಡೆಯ ಮೂಲಕ ಮಂದವಾಗಿ ಕೇಳುತ್ತಿತ್ತು. ನಾನು ಎಷ್ಟು ಗುದ್ದಿದರೂ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನೀನೂ ಎಲ್ಲರ ಹಾಗೆ ನಮಾಜಿಗೆ ಹೋಗಿದ್ದರೆ ಈ ಗತಿ ಬರುತ್ತಿತ್ತೇನೋ ಎಂದು ನನ್ನ ಅಮ್ಮ ಬದುಕಿದ್ದರೆ ಖಂಡಿತ ಕೇಳುತ್ತಿದ್ದಳು.

ಮೊದಲು ಗ್ಯಾಸಿನ ಪೈಪ್ ಹುಡುಕಿದೆ. ಗಾಳಿ ಕಿಂಡಿಯಿಂದ ಒಳಗೆ ತೂರಿಸಿದ್ದ. ಅದನ್ನು ಎಳೆದು, ಎರಡಾಗಿ ಮಡಚಿ, ಬೆಲ್ಟ್ ಬಿಚ್ಚಿ ಬಿಗಿದು ಕಟ್ಟಿದೆ. ಸುಯ್ ಎನ್ನುವುದು ಸಣ್ಣಗಾಯಿತು. ಪೂರ್ತಿ ನಿಲ್ಲಲಿಲ್ಲ. ನನ್ನ ಎಡಗೈಯಲ್ಲಿ ಮೂರೇ ಬೆರಳು. ಬಿಗಿಯುವ ಕೆಲಸ ಅದಕ್ಕೆ ಒಗ್ಗುವುದಿಲ್ಲ.

ಮುಖ ಮೇಲೆತ್ತಿ, ಮುಚ್ಚಳಕ್ಕೆ ಮೂಗು ತಾಗಿಸಿ ಮೊಣಕಾಲೂರಿ ಕೂತೆ. ಒಳ್ಳೆ ಗಾಳಿ ಮೇಲೆ ಇರುತ್ತದೆ. ಅದು ಎಷ್ಟು ಹೊತ್ತು ಬಂದೀತು? ಇಪ್ಪತ್ತು ನಿಮಿಷ ಇರಬಹುದು. ಕೈಗೆಣ್ಣುಗಳಿಂದ ರಕ್ತ ಸೋರುತ್ತಿತ್ತು.

ನನಗೆ ಹೆದರಿಕೆಯಾಯಿತು. ಮುಚ್ಚಿಡುವುದೇನು.

ನನ್ನ ಹೆಸರು ರಾಸಿಮ್ ಚಾಕರ್. ತುಜ್ಲಾದಲ್ಲಿ ನನ್ನನ್ನು ಕರೆಯುವುದು 'ಸಹಿ ರಾಸಿಮ್' ಅಂತ. ಮೊದಲು ಬೆಸುಗೆಯವನಾಗಿದ್ದೆ. ಎರಡು ಬೆರಳು ತಗಡಿನ ಕೆಳಗೆ ಸಿಕ್ಕಿ ಹೋದ ಮೇಲೆ ಬೇರೆ ಕೆಲಸ ಹಿಡಿದೆ. ಯಾರ್ಡಿನಲ್ಲಿ ಯಾರಾದರೂ ಸತ್ತರೆ ಮಾಲೀಕರು ನನಗೆ ಫೋನ್ ಮಾಡುತ್ತಾರೆ. ನಾನು ಆ ಮನೆಗೆ ಹೋಗುತ್ತೇನೆ. ಚಹಾ ಕುಡಿಯುತ್ತೇನೆ. ನಾಲ್ಕು ಒಳ್ಳೆ ಮಾತು ಹೇಳುತ್ತೇನೆ. ತಪ್ಪು ಸತ್ತವನದೇ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ ಹೊಟ್ಟೆ ಹೊರೆಯುತ್ತಿದ್ದೇನೆ. ನೀವು ಮುಖ ಸಿಂಡರಿಸುತ್ತೀರಿ, ಗೊತ್ತು. ಸಿಂಡರಿಸಿ. ಕತೆ ಮಾತ್ರ ಪೂರ್ತಿ ಕೇಳಿ.

ಅವತ್ತು ಬೆಳಿಗ್ಗೆ ಮಾಲೀಕ ಹಾಲ್ದುನ್ ಸಾಹೇಬರು ಕರೆಸಿದ್ದರು.

"ಒಂದೇ ಒಂದು ಸಹಿ, ರಾಸಿಮ್," ಅಂದರು. ಕಿಟಕಿಯಿಂದ ಗಸ್ತು ಹಡಗು ಕಾಣುತ್ತಿತ್ತು. ಬಿಳಿ ಮೈಗೆ ಕೆಂಪು ಪಟ್ಟೆ, ಮೇಲೆ ಬಾವುಟಗಳ ಸಾಲು. "ಮಧ್ಯಾಹ್ನ ಮೂರಕ್ಕೆ ಹಡಗು ನೀರಿಗಿಳಿಯುತ್ತೆ. ಕಾವಲು ಪಡೆಯ ಕ್ಯಾಪ್ಟನ್ ಬರ್ತಾರೆ. ಅಷ್ಟರೊಳಗೆ ಇಲ್ಹಾಮಿ ಫೈಲ್ ಮುಚ್ಚಿರಬೇಕು."

ಇಲ್ಹಾಮಿ ಹಳೆಯ ಬೆಸುಗೆಗಾರ. ಬುಧವಾರ ಬೆಳಿಗ್ಗೆ ನಾಲ್ಕನೇ ಟ್ಯಾಂಕಿನಲ್ಲಿ ಅವನ ಹೆಣ ಸಿಕ್ಕಿತ್ತು. ಆರ್ಗಾನ್. ಪೊಲೀಸರು ಬಂದರು, ಹಡಗಿಗೆ ಟೇಪ್ ಸುತ್ತಿದರು, ಗುರುವಾರ ಸಂಜೆ ಬಿಚ್ಚಿ ಹೋದರು.

"ಯಾರ ಸಹಿ? ಹೆಂಡತೀದಾ?"

"ಅವನಿಗೆ ಹೆಂಡತಿ ಇಲ್ಲ. ಜೊತೇಲಿ ಕೆಲಸ ಮಾಡ್ತಿದ್ದ ಹೆಂಗಸು... ಗುಲ್‌ಪೆರಿ. ಮಂಗಳವಾರ ಸಂಜೆ ಗ್ಯಾಸ್ ಮುಚ್ಚೋದು ಮರೆತು ಮನೆಗೆ ಹೋಗಿದ್ದಾಳೆ. ಬುಧವಾರ ಬೆಳಿಗ್ಗೆ ಇಲ್ಹಾಮಿ ಬಿಲ್ಲೆನೂ ಹಾಕದೆ ಇಳಿದಿದ್ದಾನೆ. ಮರೆತೆ ಅಂತ ಅವಳು ಬರ್ಕೊಟ್ರೆ ಮುಗೀತು."

"ಅವಳಿಗೆ ಎಷ್ಟು ವರ್ಷ ಬೀಳುತ್ತೆ?"

"ಐದೋ ಆರೋ. ಅದು ನಿನ್ನ ತಲೆನೋವಲ್ಲ."

ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದವನು ಸೆಬಾಹತ್ತಿನ್ ಉಸ್ತಾ. ಉಸ್ತಾ ಅಂದರೆ ಕಸುಬಿನ ಗುರು; ಇವನು ಯಾರ್ಡಿನ ಮುಖ್ಯ ಮೇಸ್ತ್ರಿ. ಮೂವತ್ತೆರಡು ವರ್ಷದ ಸರ್ವಿಸ್. ನನಗೆ ಬೆಸುಗೆ ಹಾಕಲು ಕಲಿಸಿದವನೂ ಅವನೇ. ಕೊರಳಲ್ಲಿ ಹಿತ್ತಾಳೆ ಬಿಲ್ಲೆ ಥಳಥಳ ಹೊಳೆಯುತ್ತಿತ್ತು.

"ಹೊಸದಾ ಉಸ್ತಾ?" ಅಂದೆ.

"ಹಳೇದು ಎಲ್ಲೋ ಬಿದ್ದೋಯ್ತು ಕಣೋ. ವಯಸ್ಸಾಯ್ತಲ್ಲ." ನಕ್ಕ. ಕಣ್ಣು ನಗಲಿಲ್ಲ. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಬಿಲ್ಲೆ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಟ್ಯಾಂಕಿಗೆ ಇಳಿಯುವ ಪ್ರತಿಯೊಬ್ಬನ ಕೊರಳಲ್ಲೂ ನಂಬರ್ ಕೆತ್ತಿದ ಒಂದು ಬಿಲ್ಲೆ ಇರುತ್ತದೆ. ಇಳಿಯುವ ಮುಂಚೆ ಕಂಡಿಯ ಪಕ್ಕದ ಕೊಕ್ಕೆಗೆ ಅದನ್ನು ತೂಗುಹಾಕಬೇಕು. ಬಿಲ್ಲೆ ಇದೆ ಎಂದರೆ ಒಳಗೆ ಜೀವ ಇದೆ. ಮುಚ್ಚಳ ಹಾಕುವಂತಿಲ್ಲ, ಗ್ಯಾಸ್ ಬಿಡುವಂತಿಲ್ಲ. ಹೊರಗೆ ಬಂದವನು ತನ್ನದನ್ನು ತಾನೇ ತೆಗೆದುಕೊಳ್ಳಬೇಕು. ಇನ್ನೊಬ್ಬರ ಬಿಲ್ಲೆಯನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವನ ಕೈ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸ ಬಿಟ್ಟ ಮೇಲೂ ನಾನು ನನ್ನ 417 ಅನ್ನು ಎಸೆಯಲಿಲ್ಲ. ಬೀಗದ ಕೈಗೆ ಕಟ್ಟಿಕೊಂಡು ತಿರುಗುತ್ತೇನೆ.

ಗುಲ್‌ಪೆರಿ ಗೇಟಿನೆದುರಿನ ಚಹಾದಂಗಡಿಯಲ್ಲಿ ಸಿಕ್ಕಳು. ಮೂವತ್ತೈದರ ಆಸುಪಾಸು. ಕುತ್ತಿಗೆಯ ತುಂಬ ಕಿಡಿ ಸುಟ್ಟ ಕಲೆಗಳು. ಮುಂದೆ ಒಂದು ಸಿಮಿತ್, ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು, ಇತ್ತು, ಮುರಿದೂ ಇರಲಿಲ್ಲ.

"ನೀವೇ ಅಲ್ವಾ ಸಹಿ ಅಣ್ಣ?"

"ರಾಸಿಮ್ ಅಂತ." ಬೀಗದ ಕೈ ಮೇಜಿನ ಮೇಲಿಟ್ಟು ಕೂತೆ.

ಅವಳ ಕಣ್ಣು 417ರ ಮೇಲೆ ನಿಂತಿತು. "ನೀವೂ ಇಳೀತಿದ್ರಾ?"

"ಹದಿನೈದು ವರ್ಷ."

"ಹಾಗಾದ್ರೆ ನೀವೇ ಹೇಳಿ. ಗ್ಯಾಸ್ ಮುಚ್ಚೋದು ಮರೆಯುತ್ತಾ? ಮನೆ ಬಾಗಿಲು ಹಾಕೋದು ಮರೀಬಹುದು ಅಣ್ಣಾ. ಇದು ಮರೆಯಲ್ಲ. ಆರು ಗಂಟೆಗೆ ನಾನೇ ಮುಚ್ಚಿದೆ, ಪೈಪ್ ಸುತ್ತಿಟ್ಟೆ. ಇಲ್ಹಾಮಿ ಉಸ್ತಾ ಪಕ್ಕದಲ್ಲೇ ನಿಂತಿದ್ರು. 'ನೀನು ಹೋಗು, ನನಗೆ ಸೆಬಾಹತ್ತಿನ್ ಹತ್ರ ಸ್ವಲ್ಪ ಮಾತಾಡೋದಿದೆ' ಅಂದ್ರು."

"ಏನು ಮಾತು?"

ಅವಳು ಸುತ್ತ ನೋಡಿದಳು. "ಹಡಗಿನ ತಳದ ಬೆಸುಗೆಗೆ ಎಕ್ಸ್-ರೇ ತೆಗೀತಾರಲ್ಲ, ಆ ಫಿಲ್ಮ್‌ಗಳು ಅವರ ಕೈಗೆ ಸಿಕ್ಕಿದ್ವು. ಮೂವತ್ತು ಜಾಗದ ಬೆಸುಗೆ, ಮೂವತ್ತು ಫಿಲ್ಮು. ಎಲ್ಲದ್ರಲ್ಲೂ ಅದೇ ಚುಕ್ಕೆ, ಅದೇ ಮೂಲೇಲಿ. ಒಂದೇ ಫಿಲ್ಮನ್ನ ನಂಬರ್ ಬದಲಾಯಿಸಿ ಮೂವತ್ತು ಸಲ ಇಟ್ಟಿದ್ದಾರೆ. ತಳ ಪೂರ್ತಿ ಟೊಳ್ಳು ಅಣ್ಣಾ. ದೊಡ್ಡ ಅಲೆ ಬಂದ್ರೆ ಬಾಯಿಬಿಡುತ್ತೆ. ಕ್ಯಾಪ್ಟನ್‌ಗೆ ಹೇಳ್ತೀನಿ ಅಂತ ಕೂತಿದ್ರು."

"ಫಿಲ್ಮ್ ಎಲ್ಲಿ?"

"ಅವರ ಜೇಬಲ್ಲಿತ್ತು. ಹೆಣದ ಜೇಬಲ್ಲಿ ಬಿಲ್ಲೆ ಮಾತ್ರ ಸಿಕ್ತು." ಅವಳು ಸಿಮಿತ್ ಪಕ್ಕಕ್ಕೆ ತಳ್ಳಿದಳು. "ಬಿಲ್ಲೆ ಜೇಬಲ್ಲಿಟ್ಕೊಂಡು ಅವರು ಟ್ಯಾಂಕಿಗೆ ಇಳೀತಾರಾ? ಇಲ್ಹಾಮಿ ಉಸ್ತಾ?"

ನಾನು ಬೀಗದ ಕೈ ಜೇಬಿಗೆ ಸೇರಿಸಿದೆ.

"ನಾನು ಒಳಗೆ ಹೋದ್ರೆ ಮಗಳು ಅವಳಪ್ಪನ ಪಾಲಾಗ್ತಾಳೆ. ಈ ಕೈ ಮುರಿದವನು ಅವನೇ." ಎಡಗೈ ಎತ್ತಿ ತೋರಿಸಿದಳು. ಮೊಣಕೈ ಸೊಟ್ಟಗಿತ್ತು. "ಅವಳಿಗೆ ಎಂಟು ವರ್ಷ. ಕಾಗದ ಕೊಡಿ ಅಣ್ಣಾ, ಓದ್ತೀನಿ. ಆದ್ರೆ ಸಹಿ ಹಾಕಲ್ಲ."

ಹನ್ನೊಂದು ವರ್ಷದಲ್ಲಿ ಇಂಥ ಎಷ್ಟೋ ಮಾತು ಕೇಳಿದ್ದೇನೆ. ಕಾಗದ ಜೇಬಿನಿಂದ ತೆಗೆಯಲು ನನಗೆ ಆಗಲಿಲ್ಲ. ನಾಚಿಕೆಯಾಯಿತು.

ಆಮೇಲೆ ಮಾಡಿದ್ದು ಶುದ್ಧ ಮೂರ್ಖತನ. ಹಾಲ್ದುನ್‌ಗೆ ಫೋನ್ ಮಾಡಿ, "ಸಹಿಗೆ ಮುಂಚೆ ಒಂದ್ಸಲ ಟ್ಯಾಂಕ್ ನೋಡ್ಕೊಂಡು ಬರ್ತೀನಿ ಸಾಹೇಬ್ರೆ" ಅಂದೆ.

"ನೋಡು, ನೋಡು," ಅಂದರು. "ನಮಾಜಿನ ಹೊತ್ತಲ್ಲಿ ಹೋಗು. ಯಾರ ಕಾಟವೂ ಇರಲ್ಲ."

ಈಗ ಗೊತ್ತಾಯಿತಲ್ಲ, ನಾನು ಆ ಟ್ಯಾಂಕಿಗೆ ಹೇಗೆ ಬಂದೆ ಅಂತ.

ತಲೆ ತಿರುಗಲು ಶುರುವಾಗಿತ್ತು. ತುಟಿ ಮರಗಟ್ಟಿತ್ತು. ಮುಚ್ಚಳದ ಮೇಲೆ ಲೈಟರ್ ಕ್ಲಿಕ್ ಎಂದ ಸದ್ದು. ಅವನು ಅಲ್ಲೇ ಕೂತು ಸಿಗರೇಟು ಹಚ್ಚಿದ್ದ. ದನಿಯಿಂದಲೇ ಗುರುತು ಹಿಡಿದಿದ್ದೆ. ಜೆಮ್‌ಶಿತ್. ಹಾಲ್ದುನ್‌ನ ಕಾರು ಓಡಿಸುವವನು. ಹಳೆಯ ಪೈಲ್ವಾನ. ಯಾರ್ಡಿನ ಕೆಲಸ ಒಂದು ದಿನವೂ ಮಾಡಿದವನಲ್ಲ.

ಅಭ್ಯಾಸದಂತೆ ಬೀಗದ ಕೈಗೆಂದು ಜೇಬಿಗೆ ಕೈ ಹಾಕಿದೆ. ಇರಲಿಲ್ಲ.

ಎಲ್ಲಿ ಹೋಯಿತು?

ಆಗ ಹೊಳೆಯಿತು. ಇಳಿಯುವಾಗ ಕೊಕ್ಕೆಗೆ ತೂಗುಹಾಕಿದ್ದೆ. ಹಾಕಬೇಕು ಅಂತ ಯೋಚಿಸಿರಲಿಲ್ಲ. ಹಾಕಿದ್ದು ನೆನಪೂ ಇರಲಿಲ್ಲ. ಕೆಲಸ ಬಿಟ್ಟು ಹನ್ನೊಂದು ವರ್ಷವಾದರೂ ಕೈ ನನ್ನನ್ನು ಕೇಳದೆ ತನ್ನ ಕೆಲಸ ಮಾಡಿತ್ತು.

ಹನ್ನೊಂದು ವರ್ಷ ಬಿಟ್ಟಿದ್ದ ನನ್ನ ಕೈಯೇ ಹೀಗಾದರೆ... ಮೂವತ್ತೆರಡು ವರ್ಷದಿಂದ ಒಂದು ದಿನವೂ ಬಿಡದ ಕೈ?

ಹಳೇದು ಎಲ್ಲೋ ಬಿದ್ದೋಯ್ತು ಕಣೋ.

ಬಿದ್ದಿರಲಿಲ್ಲ. ಇಲ್ಹಾಮಿಯನ್ನು ಹೊತ್ತು ಟ್ಯಾಂಕಿಗಿಳಿಸುವ ಮುಂಚೆ ಸೆಬಾಹತ್ತಿನ್ ಉಸ್ತಾ ತನ್ನ ಬಿಲ್ಲೆಯನ್ನು ಕೊಕ್ಕೆಗೆ ಹಾಕಿದ್ದ. ಹಾಕಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಅದಕ್ಕೇ ಎಲ್ಲ ಕಡೆ ಹುಡುಕಿ, ಅಲ್ಲೊಂದು ಕಡೆ ಮಾತ್ರ ಹುಡುಕಲಿಲ್ಲ. ಆದರೆ ನಾನು ಇಳಿದ ಕಂಡಿಯಲ್ಲಿ ಅದು ಇರಲಿಲ್ಲ. ಈ ಟ್ಯಾಂಕಿಗೆ ಇನ್ನೊಂದು ಕಂಡಿಯಿತ್ತು. ಹಿಂದೆ, ಎಂಜಿನ್ ರೂಮಿನ ನೆಲದ ತಗಡಿನ ಅಡಿಯಲ್ಲಿ. ಅವನು ಅಲ್ಲಿ ಇಳಿದು ಮುಂದಿನ ಕಂಡಿಯಿಂದ ಹೊರಬಂದಿರಬೇಕು, ಅದಕ್ಕೇ ಬಿಲ್ಲೆ ಕೊಕ್ಕೆಯಲ್ಲೇ ಉಳಿದಿತ್ತು.

ನನಗೆ ನಗು ಬಂತು. ಆರ್ಗಾನ್ ಹಾಗೂ ಮಾಡುತ್ತದೆ.

ಟಕ್. ಟಕ್. ಟಕ್.

ಸದ್ದು ಬಂದದ್ದು ಹಿಂದಿನಿಂದ. ತೀರಾ ಮೆಲ್ಲಗೆ, ಯಾರೋ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ಜೆಮ್‌ಶಿತ್ ಮುಂದೆ ಕೂತಿದ್ದಾನೆ. ಹಾಗಾದರೆ ಇದು ಬೇರೆಯವರು.

ಹಿಂದಿನ ಕಂಡಿಗೆ ಆರು ಮೀಟರ್. ನಡುವೆ ಮೂರು ಅಡ್ಡ ಗೋಡೆ. ಒಂದೊಂದರಲ್ಲೂ ತೂರಿ ಹೋಗಲು ಒಂದು ತೂತು, ಅದೂ ನೆಲಕ್ಕೆ ಹತ್ತಿ. ಗ್ಯಾಸ್ ತುಂಬಿರುವುದು ಅಲ್ಲೇ. ಮೂಗು ಮುಚ್ಚಳಕ್ಕೆ ಒತ್ತಿ, ಎದೆ ಬಿರಿಯುವಷ್ಟು ಗಾಳಿ ಎಳೆದುಕೊಂಡು, ಇಳಿದೆ.

ಮೊದಲನೇ ತೂತು. ಭುಜ ಸಿಕ್ಕಿಕೊಂಡಿತು. ಕಿತ್ತುಕೊಂಡೆ, ಅಂಗಿಯ ಜೊತೆ ಚರ್ಮವೂ ಹೋಯಿತು. ಎರಡನೆಯದು. ಕಿವಿಯಲ್ಲಿ ಡೋಲು ಬಡಿದಂತೆ. ಮೂರನೆಯದರಲ್ಲಿ ಉಸಿರು ತಡೆಯಲಾಗದೆ ಒಂದು ಸಲ ಎಳೆದುಬಿಟ್ಟೆ. ಏನೂ ಒಳಗೆ ಬಂದಂತಾಗಲಿಲ್ಲ. ಕಣ್ಣಿಗೆ ಕತ್ತಲೆ ಬಂತು.

ಆಮೇಲೆ ಯಾರೋ ಕಾಲರ್ ಹಿಡಿದು ಎಳೆದರು.

"ಉಸಿರಾಡಿ ಅಣ್ಣಾ. ಎಳೀರಿ. ಇನ್ನೊಂದ್ಸಲ." ಗುಲ್‌ಪೆರಿ. ಕೆನ್ನೆಗೆ ಎರಡು ಬಾರಿಸಿದಳು. ಸೊಟ್ಟ ಕೈಯಲ್ಲೂ ಒಳ್ಳೆ ಶಕ್ತಿಯಿತ್ತು.

ಎಂಜಿನ್ ರೂಮಿನ ನೆಲದ ಮೇಲೆ ಬಿದ್ದು ವಾಂತಿ ಮಾಡಿಕೊಂಡೆ. ಅಷ್ಟು ರುಚಿಯಾದ ಗಾಳಿಯನ್ನು ನಾನು ಜನ್ಮದಲ್ಲಿ ಉಂಡಿಲ್ಲ.

"ನೀನು ಇಲ್ಲಿ..."

"ಹೆಂಗಸರಿಗೆ ಶುಕ್ರವಾರದ ನಮಾಜು ಇಲ್ವಲ್ಲ ಅಣ್ಣಾ. ಗಂಡಸರ ಮುಖ ನೋಡೋಕೆ ಇಷ್ಟ ಇರಲಿಲ್ಲ. ಅವರು ಬರೋದ್ರೊಳಗೆ ನನ್ನ ಹೆಲ್ಮೆಟ್ ತಗೊಂಡು ಹೋಗೋಣ ಅಂತ ಬಂದೆ. ನೋಡಿದ್ರೆ ಮುಂದಿನ ಕಂಡಿ ಮುಚ್ಚಿದೆ, ಪಕ್ಕದಲ್ಲಿ 417 ತೂಗ್ತಿದೆ, ಮೇಲೆ ಆ ಕೋಣ ಕೂತು ಸಿಗರೇಟ್ ಸೇದ್ತಿದ್ದಾನೆ." ಹಣೆಯ ಬೆವರು ಒರೆಸಿಕೊಂಡಳು. "ಅವನಿಗೆ ಅದು ಏನು ಅಂತಾನೂ ಗೊತ್ತಿಲ್ಲ. ಬೀಗದ ಕೈ ಅಂದ್ಕೊಂಡಿರಬೇಕು. ಅಣ್ಣಾ, ಇಲ್ಲಿ ತಗಡು ಎತ್ತಿದ್ರೆ ಇನ್ನೊಂದು ಬಿಲ್ಲೆ..."

"ಒಂಬತ್ತು," ಅಂದೆ.

ಅವಳು ನನ್ನನ್ನೇ ನೋಡಿದಳು. "ನಿಮಗೆ ಹೆಂಗೆ ಗೊತ್ತು?"

ತಲೆ ಎತ್ತಿದೆ. ಕೊಕ್ಕೆಯಲ್ಲಿ ತೂಗುತ್ತಿತ್ತು. ಸವೆದು ಸವೆದು ಅಂಚು ತೆಳ್ಳಗಾದ, ಕಪ್ಪು ಹಿಡಿದ ಬಿಲ್ಲೆ. ನನಗೆ ಬೆಸುಗೆ ಕಲಿಸುವಾಗ ಮೂಗಿನ ಮುಂದೆ ಓಲಾಡುತ್ತಿದ್ದದ್ದು ಅದೇ. ನಾನು ಕೈ ಚಾಚಿದೆ.

"ಮುಟ್ಟಬೇಡಿ," ಅಂದಳು. "ಇನ್ನೊಬ್ಬರದು." ಫೋನ್ ತೆಗೆದು ಮೂರು ಫೋಟೋ ಹೊಡೆದಳು. ಸರಿಯಾಗೇ ಹೇಳಿದ್ದಳು. ಅದು ಅಲ್ಲೇ ಇದ್ದರೇ ಸಾಕ್ಷಿ.

ಏಣಿಯ ಮೇಲೆ ಹೆಜ್ಜೆ ಸದ್ದಾಯಿತು.

ಜೆಮ್‌ಶಿತ್ ಕೈಯಲ್ಲಿ ಕಬ್ಬಿಣದ ಸಲಾಕೆಯಿತ್ತು. ನನ್ನನ್ನು ಕಂಡು ಬಾಯಿ ತೆರೆದ. "ನೀನಿನ್ನೂ ಸತ್ತಿಲ್ವಾ?"

"ಪುರುಸೊತ್ತಾಗಲಿಲ್ಲ."

ಸಲಾಕೆ ಬೀಸಿದ. ತಲೆ ತಪ್ಪಿಸಿದೆ, ಕೈ ತಪ್ಪಿಸಲಾಗಲಿಲ್ಲ. ಬಲ ಮಣಿಕಟ್ಟು ಲಟಕ್ ಅಂದಿತು. ಗೋಡೆಗೆ ಹೋಗಿ ಬಿದ್ದೆ. ಎರಡನೇ ಏಟು ಪಕ್ಕೆಗೆ. ಮೂರನೆಯದಕ್ಕೆ ಎರಡೂ ಕೈ ಮೇಲೆತ್ತಿದ. ಆಗ ಗುಲ್‌ಪೆರಿಯ ಸ್ಪ್ಯಾನರ್ ಅವನ ಮೊಣಕಾಲಿನ ಚಿಪ್ಪಿಗೆ ಬಂತು. ಅಷ್ಟುದ್ದದ ಸ್ಪ್ಯಾನರ್ ಅದು, ಮುಚ್ಚಳ ಬಿಚ್ಚಲು ತಂದದ್ದು.

ಅವನು ಕಿರುಚಲೂ ಇಲ್ಲ. ಸಲಾಕೆ ಬಿಸಾಕಿ, ಒಂದು ಕಾಲಲ್ಲಿ ಕುಂಟುತ್ತ ಅವಳ ಕುತ್ತಿಗೆಗೆ ಕೈ ಹಾಕಿ ಎತ್ತಿಹಿಡಿದ. ಅವಳ ಕಾಲು ನೆಲ ಬಿಟ್ಟಿತು. ನಾನು ಎಡಗೈಗೆ ಸಿಕ್ಕಿದ ಸಲಾಕೆ ಎತ್ತಿಕೊಂಡೆ. ಮೂರು ಬೆರಳಲ್ಲಿ ಎಷ್ಟು ಬಿಗಿಯಬಹುದೋ ಅಷ್ಟು ಬಿಗಿಹಿಡಿದು ದವಡೆಗೆ ಬಾರಿಸಿದೆ. ಒಂದೇಟು. ಇನ್ನೊಂದು. ಹಲ್ಲು ತಗಡಿನ ಮೇಲೆ ಚೆಲ್ಲಾಡಿದವು. ಅವನು ಎಂಜಿನ್ ಮೇಲೆ ಬೋರಲಾದ. ಬೆಸುಗೆ ಕೇಬಲ್ಲಿನಿಂದ ಕೈಕಾಲು ಕಟ್ಟಿದೆವು.

"ಮಂಗಳವಾರ ಉಸ್ತಾ ಜೊತೆ ನೀನೂ ಇದ್ದೆಯಾ? ಬಾಯಿ ಬಿಡು."

ಬಾಯಿ ಬಿಟ್ಟ. ರಕ್ತ ಬಂತು, ಮಾತು ಬರಲಿಲ್ಲ. ದವಡೆ ಎರಡು ತುಂಡಾಗಿತ್ತು. ತಪ್ಪು ನನ್ನದೇ. ಹೊಡೆಯುವ ಮುಂಚೆ ಯೋಚಿಸಬೇಕಿತ್ತು.

"ಇವನು ಮಾತಾಡಲ್ಲ," ಅಂದಳು ಗುಲ್‌ಪೆರಿ, ಕುತ್ತಿಗೆ ಉಜ್ಜಿಕೊಳ್ಳುತ್ತ. "ಮತ್ತೆ ನನ್ನ ಪರವಾಗಿ ಯಾರು ಮಾತಾಡ್ತಾರೆ?"

"ಮಾಡಿದವನೇ ಮಾತಾಡ್ತಾನೆ. ಬಾ ತಂಗಿ."

ಹೋಗುವಾಗ ಮುಂದಿನ ಕಂಡಿಯ ಕೊಕ್ಕೆಯಿಂದ ನನ್ನ 417 ತೆಗೆದುಕೊಂಡೆ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ನಮಾಜು ಮುಗಿಸಿ ಬಂದವರೆಲ್ಲ ಹಡಗಿನ ಮೂತಿಯ ಕೆಳಗೆ ಸೇರಿದ್ದರು. ಬ್ಯಾಂಡು, ಕುರ್ಚಿಗಳು, ಬಿಳಿ ಸಮವಸ್ತ್ರದ ಕ್ಯಾಪ್ಟನ್, ಮೈಕ್ ಹಿಡಿದ ಹಾಲ್ದುನ್. ಮೂತಿಯ ನೇರ ಕೆಳಗೆ ಗೋರಂಟಿ ಹಚ್ಚಿ ಕೆಂಪು ಪಟ್ಟಿ ಕಟ್ಟಿದ ಟಗರು. ಅದರ ಹಗ್ಗ ಹಿಡಿದು ನಿಂತವನು ಸೆಬಾಹತ್ತಿನ್ ಉಸ್ತಾ, ಇನ್ನೊಂದು ಕೈಯಲ್ಲಿ ಕತ್ತಿ. ಈ ಯಾರ್ಡಿನಲ್ಲಿ ಪ್ರತಿ ಹಡಗಿಗೂ ಟಗರು ಕೊಯ್ಯುವವನು ಅವನೇ.

ನಾನು ಜನರ ನಡುವೆ ನಡೆದೆ. ಮುಖದಲ್ಲಿ ರಕ್ತ, ಜೋತುಬಿದ್ದ ಕೈ. ಜನ ದಾರಿ ಬಿಟ್ಟರು. ಬ್ಯಾಂಡು ತಾನಾಗಿ ನಿಂತಿತು.

"ಏನಿದು ರಾಸಿಮ್?" ಹಾಲ್ದುನ್ ಮೈಕಿನಲ್ಲೇ ಕೇಳಿದ. "ಕುಡಿದಿದ್ದೀಯಾ?"

ನಾನು ಅವನ ಕಡೆ ನೋಡಲೇ ಇಲ್ಲ.

"ಉಸ್ತಾ, ನಿನ್ನ ಹಳೇ ಬಿಲ್ಲೆ ಸಿಕ್ತು," ಅಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನಾಲ್ಕನೇ ಟ್ಯಾಂಕು. ಹಿಂದಿನ ಕಂಡಿ. ಕೊಕ್ಕೇಲೇ ತೂಗ್ತಿದೆ."

ಅತಿಥಿಗಳಿಗೆ ಏನೂ ಅರ್ಥವಾಗಲಿಲ್ಲ. ಯಾರ್ಡಿನವರಿಗೆ ಎಲ್ಲ ಅರ್ಥವಾಯಿತು. ಮಂಗಳವಾರದಿಂದ ಮುಚ್ಚಿದ್ದ ಕಂಡಿಯಲ್ಲಿ ಮೇಸ್ತ್ರಿಯ ಬಿಲ್ಲೆ.

ಸೆಬಾಹತ್ತಿನ್‌ನ ಕೈ ಮೆಲ್ಲಗೆ ಕೊರಳಿಗೆ ಹೋಯಿತು. ಹೊಳೆಯುವ ಹೊಸ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡ. ಅವನ ಮುಖದಲ್ಲಿ ನಾನು ಕಂಡದ್ದು ಭಯವಲ್ಲ, ಆಶ್ಚರ್ಯ. ತನ್ನ ಕೈಯೇ ತನಗೆ ಮೋಸ ಮಾಡಿತೆಂದು ಅವನಿಗೆ ಆಗ ಗೊತ್ತಾಯಿತು.

"ನಾನು ಹಾಕಿರಲಿಲ್ಲ," ಅಂದ. ತನಗೇ ಹೇಳಿಕೊಂಡಂತೆ.

ಮುಂದಿನ ಸಾಲಿನ ಮುದುಕ ಬೆಸುಗೆಗಾರನೊಬ್ಬ ನೆಲಕ್ಕೆ ಉಗಿದ. "ಇಲ್ಹಾಮಿ ನಿನ್ನ ಜೊತೆ ಉಂಡವನು ಕಣೋ."

ಉಸ್ತಾ ಟಗರಿನ ಹಗ್ಗ ಬಿಟ್ಟ. ಕತ್ತಿ ಬೀಸಿದ. ಹೊಟ್ಟೆಗೆ ಬಂದದ್ದನ್ನು ಮೊಳಕೈಯಲ್ಲಿ ತಡೆದೆ. ಚರ್ಮ ಹರಿದು ಮೂಳೆ ಕಂಡಿತು. ಅವನು ನನ್ನನ್ನು ತಳ್ಳಿ ಓಡಿದ.

"ಗೇಟು!" ಕ್ಯಾಪ್ಟನ್ ಕೂಗಿದರು. ಅವರ ಇಬ್ಬರು ಹುಡುಗರು ಆಗಲೇ ಗೇಟಿಗೆ ಅಡ್ಡ ನಿಂತಿದ್ದರು. ಉಸ್ತಾ ಆ ಕಡೆ ಹೋಗಲೇ ಇಲ್ಲ. ಅಟ್ಟಣಿಗೆ ಹತ್ತಿದ. ಅವನಿಗೆ ಆ ಬಿಲ್ಲೆ ಬೇಕಿತ್ತು.

ನಾನು ಹಿಂದೆ ಹತ್ತಿದೆ. ಅಟ್ಟಣಿಗೆಯ ತುದಿಯಿಂದ ಗ್ಯಾಸ್ ಸಿಲಿಂಡರ್ ಒಂದನ್ನು ಕೆಳಕ್ಕೆ ಉರುಳಿಸಿದ. ಮೆಟ್ಟಿಲು ಮುರಿದುಕೊಂಡು ಬಂತು. ನಾನು ಕಂಬಕ್ಕೆ ಅಂಟಿಕೊಂಡೆ, ಕಿವಿ ಸವರಿಕೊಂಡು ಹೋಯಿತು. ಕೆಳಗೆ ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಗುಲ್‌ಪೆರಿ ಟಗರಿನ ಹಗ್ಗ ಬಿಚ್ಚಿಕೊಂಡು ನನ್ನ ಬೆನ್ನಿಗೇ ಬಂದಳು.

ಎಂಜಿನ್ ರೂಮಿನಲ್ಲಿ ಯಾರೂ ಇರಲಿಲ್ಲ. ಕಟ್ಟಿಹಾಕಿದ್ದ ಜೆಮ್‌ಶಿತ್ ಮಾತ್ರ ಮುಲುಗುತ್ತಿದ್ದ. ಆಚೆ ಹೋಗಲು ನಾಲ್ಕು ಬಾಗಿಲು. ಅಡಗಲು ನೂರು ಜಾಗ.

"ತಪ್ಪಿಸ್ಕೊಂಡ," ಅಂದಳು ಗುಲ್‌ಪೆರಿ. "ಬಿಲ್ಲೇನೂ ತಗೊಂಡು ಹೋಗಿರ್ತಾನೆ."

ನಾನು ಕಂಡಿಯ ಹತ್ತಿರ ಬಗ್ಗಿದೆ. ಹಳೆಯ ಕಪ್ಪು ಬಿಲ್ಲೆ ಇರಲಿಲ್ಲ.

ಕೊಕ್ಕೆ ಖಾಲಿಯೂ ಇರಲಿಲ್ಲ. ಥಳಥಳ ಹೊಳೆಯುವ ಹೊಸ ಬಿಲ್ಲೆಯೊಂದು ಅಲ್ಲಿ ಇನ್ನೂ ಅಲ್ಲಾಡುತ್ತಿತ್ತು. ಒಂಬತ್ತು.

ಗುಲ್‌ಪೆರಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಒಳಗಡೆ ಗ್ಯಾಸ್ ಇದೆ ಅಣ್ಣಾ. ಅವನಿಗೆ ಗೊತ್ತಿಲ್ಲ."

ಗೊತ್ತಿರಲಿಲ್ಲ. ನನ್ನನ್ನು ಮುಗಿಸುವ ಕೆಲಸವನ್ನು ಹಾಲ್ದುನ್ ಜೆಮ್‌ಶಿತ್‌ಗೆ ನೇರವಾಗಿ ಒಪ್ಪಿಸಿದ್ದ. ಮಂಗಳವಾರ ಉಸ್ತಾ ಮಾಡಿದ್ದನ್ನು ನೋಡಿ ಕಲಿತ ಪಾಠವನ್ನು ಜೆಮ್‌ಶಿತ್ ನನ್ನ ಮೇಲೆ ಪ್ರಯೋಗಿಸಿದ್ದ. ಪೈಪ್ ಇನ್ನೂ ಒಳಗೇ ಇತ್ತು. ಸಣ್ಣಗೆ ಸುಯ್ ಎನ್ನುತ್ತಲೇ ಇತ್ತು.

ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಮುಚ್ಚಳ ಪಕ್ಕದಲ್ಲೇ ಇತ್ತು. ಎಳೆದು ಮುಚ್ಚಿಬಿಡೋಣ ಅನ್ನಿಸಿತು. ಇಲ್ಹಾಮಿಗೆ ನ್ಯಾಯ ಸಿಕ್ಕಂತಾಗುತ್ತಿತ್ತು.

ಆದರೆ ಗುಲ್‌ಪೆರಿಗೆ? ಹೆಣಗಳು ಹೇಳಿಕೆ ಕೊಡುವುದಿಲ್ಲ. ಅದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಹನ್ನೊಂದು ವರ್ಷ ಅದರ ಮೇಲೇ ಬದುಕಿದವನು ನಾನು.

"ಪೈಪಿನ ತಿರುಪು ಮುಚ್ಚು," ಅಂದೆ. ಅವಳು ಮುಚ್ಚಿ ಬರುವಷ್ಟರಲ್ಲಿ ಟಗರಿನ ಹಗ್ಗ ಸೊಂಟಕ್ಕೆ ಸುತ್ತಿಕೊಂಡೆ. ಅವಳು ಗಂಟು ಹಾಕಿದಳು. "ಎರಡು ಸಲ ಜಗ್ಗಿದ್ರೆ ಎಳಿ."

"ಜಗ್ಗದೇ ಇದ್ರೆ?"

"ಆಗ್ಲೂ ಎಳಿ."

417 ಅನ್ನು ಒಂಬತ್ತರ ಪಕ್ಕ ತೂಗುಹಾಕಿದೆ. ಈ ಸಲ ನೆನಪಿಟ್ಟುಕೊಂಡೇ ಹಾಕಿದೆ. ಉಸಿರು ಎಳೆದು ಇಳಿದೆ.

ಎರಡನೇ ಅಡ್ಡ ಗೋಡೆಯ ತೂತಿನಲ್ಲಿ ಅರ್ಧ ತೂರಿ ಬಿದ್ದಿದ್ದ. ಕಣ್ಣು ತೆರೆದಿತ್ತು. ನನ್ನನ್ನು ಕಂಡು ಕತ್ತಿ ಎತ್ತಿದ. ಎತ್ತಿದ ಕೈ ಅರ್ಧಕ್ಕೆ ಸೋತಿತು. ಆದರೂ ಚುಚ್ಚಿದ. ತೊಡೆಗೆ ಇಳಿಯಿತು. ನಾನು ಹಣೆಯಿಂದ ಅವನ ಮೂಗಿಗೆ ಗುದ್ದಿದೆ. ಒಂದು ಸಲ. ಎರಡು ಸಲ. ಕತ್ತಿ ಬಿತ್ತು. ಅವನ ಕಾಲರಿಗೆ ಹಲ್ಲು ಕಚ್ಚಿ, ಸರಿಯಿದ್ದ ಮೂರು ಬೆರಳಲ್ಲಿ ಹಗ್ಗ ಜಗ್ಗಿದೆ.

ಒಂಟಿ ಹೆಂಗಸು ಇಬ್ಬರು ಗಂಡಸರನ್ನು ಎಳೆದಳು. ಸೊಟ್ಟ ಕೈಯಿಂದ. ಕೊನೆಗೆ ಕ್ಯಾಪ್ಟನ್‌ರ ಹುಡುಗರೂ ಬಂದು ಕೈ ಹಾಕಿದರಂತೆ. ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಉಸ್ತಾ ಕೆಮ್ಮುತ್ತಿದ್ದ. ಅವನ ಮುಷ್ಟಿ ಬಿಡಿಸಿದರು. ಹಳೆಯ ಬಿಲ್ಲೆ ಅಲ್ಲಿತ್ತು.

"ಯಾಕೋ ಎಳ್ಕೊಂಡು ಬಂದೆ?" ಅಂದ ನನಗೆ. ಕಣ್ಣಲ್ಲಿ ನೀರು. ಗ್ಯಾಸಿಗೋ ಇನ್ನೇನಕ್ಕೋ.

"ನೀನು ಸತ್ರೆ ನಾನು ಯಾರ ಹತ್ರ ಸಹಿ ಹಾಕಿಸ್ಕೊಳ್ಳಲಿ ಉಸ್ತಾ?"

ಆಸ್ಪತ್ರೆಯಲ್ಲೇ ಹೇಳಿಕೆ ಕೊಟ್ಟ. ಇಲ್ಹಾಮಿಯ ತಲೆಗೆ ಹೊಡೆದ ಸುತ್ತಿಗೆ, ಅವನ ಜೇಬಿಂದ ತೆಗೆದ ಫಿಲ್ಮ್, ಗ್ಯಾಸಿನ ಪೈಪ್, ಹಾಲ್ದುನ್‌ನ ಅಪ್ಪಣೆ, ಎಲ್ಲ. ನಾನು ಪಕ್ಕದ ಮಂಚದಲ್ಲಿದ್ದೆ. ಕೊನೆಗೆ ಸಹಿ ಹಾಕಿದ. ನನ್ನ ಹನ್ನೊಂದು ವರ್ಷದಲ್ಲಿ ಕಂಡ ಮೊದಲ ನಿಜವಾದ ಸಹಿ ಅದು. ಹಾಲ್ದುನ್‌ನನ್ನು ಅವತ್ತೇ ಸಂಜೆ ಮನೆಯಿಂದ ಕರೆದೊಯ್ದರು. ಹಡಗು ನೀರಿಗಿಳಿಯಲಿಲ್ಲ. ತಳದ ತಗಡು ಪೂರ್ತಿ ಕತ್ತರಿಸಿ ತೆಗೆಯುತ್ತಿದ್ದಾರೆ, ಹೊಸ ಬೆಸುಗೆ ಗುಲ್‌ಪೆರಿಯದು. ಟಗರು ಯಾರ್ಡಿನ ಹಿತ್ತಿಲಲ್ಲಿ ಹುಲ್ಲು ಮೇಯುತ್ತಿದೆ. ಅವಳ ಮಗಳು ಶಾಲೆ ಬಿಟ್ಟು ಬಂದು ಅದಕ್ಕೆ ಸಿಮಿತ್ ತಿನ್ನಿಸುತ್ತಾಳೆ.

ಅವಳಿಗೆಂದು ಬರೆದಿದ್ದ ಕಾಗದವನ್ನು ನಾನು ಆಸ್ಪತ್ರೆಯಲ್ಲೇ ಹರಿದು ಹಾಕಿದೆ. ಆ ಕೆಲಸಕ್ಕೆ ಮತ್ತೆ ಹೋಗಿಲ್ಲ.

ಸೋಮವಾರ ಪ್ರಾಸಿಕ್ಯೂಟರ್ ಮೇಡಂ ನನ್ನನ್ನೂ ಕೂರಿಸಿ ಕೇಳಿದರು. "ಒಂದು ವಿಷಯ ನನಗೆ ಅರ್ಥ ಆಗ್ತಿಲ್ಲ ರಾಸಿಮ್ ಅವರೇ. ಅಷ್ಟು ದೊಡ್ಡ ಹಡಗು. ಅವನು ಅದೇ ಟ್ಯಾಂಕಲ್ಲಿ ಅಡಗಿದ್ದಾನೆ ಅಂತ ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಯ್ತು?"

"ಹೊರಗಡೆ ಹೇಳಿಟ್ಟೇ ಹೋಗಿದ್ದ ಮೇಡಂ," ಅಂದೆ. "ಕೊಲೆ ಮಾಡಬಹುದು. ಆದ್ರೆ ನಮ್ಮ ಉಸ್ತಾ ಯಾರ್ಡಿನ ರೂಲ್ಸ್ ಮಾತ್ರ ಮುರಿಯೋನಲ್ಲ."